ನಾಯಿಯ ವಿಮಾನಯಾನ: ಮೊದಲು ಚಿಪ್, ಆಮೇಲೆ ಚುಚ್ಚುಮದ್ದು

ಎಂಎಸ್ ಓದಲು ಜರ್ಮನಿಗೆ ಹೊರಡುವವರ ಪಟ್ಟಿಯಲ್ಲಿ ವೀಸಾ, ಬ್ಲಾಕ್ಡ್ ಅಕೌಂಟ್, ರೂಮು ಎಲ್ಲಾ ಇರುತ್ತೆ. ಮನೆಯ ನಾಯಿಯನ್ನೂ ಕರೆದುಕೊಂಡು ಹೋಗಬೇಕು ಅಂದ್ರೆ ಪಟ್ಟಿಯ ಮೊದಲ ಸಾಲು ಅದರದ್ದೇ ಆಗಬೇಕು. ಕಾಗದಪತ್ರಕ್ಕೆ ಕಡಿಮೆ ಅಂದ್ರೂ ನಾಲ್ಕು ತಿಂಗಳು ಬೇಕು. ದುಡ್ಡು ಜಾಸ್ತಿ ಕೊಟ್ಟರೂ ಅದು ಕಡಿಮೆ ಆಗಲ್ಲ.

1. ಚಿಪ್: ಚರ್ಮದ ಕೆಳಗೆ ಹಾಕುವ ಅಕ್ಕಿಕಾಳಿನಷ್ಟು ದೊಡ್ಡ ಆರ್‌ಎಫ್‌ಐಡಿ ಟ್ಯಾಗ್. ಇದು ಜಿಪಿಎಸ್ ಅಲ್ಲ, ಇದಕ್ಕೆ ಬ್ಯಾಟರಿಯೂ ಇಲ್ಲ. ರೀಡರ್‌ನ 134.2 ಕಿಲೋಹರ್ಟ್ಜ್ ತರಂಗದಿಂದಲೇ ಶಕ್ತಿ ಪಡೆದು 15 ಅಂಕಿಯ ಸಂಖ್ಯೆ ಹೇಳುತ್ತೆ. ಡೇಟಾಬೇಸ್ ಭಾಷೆಯಲ್ಲಿ ಇದೇ ಪ್ರೈಮರಿ ಕೀ. ಮುಂದಿನ ಎಲ್ಲ ದಾಖಲೆಗೂ ಇದೇ ಸಂಖ್ಯೆ.

2. ರೇಬೀಸ್ ಲಸಿಕೆ: ನಾಯಿಗೆ ಕನಿಷ್ಠ 12 ವಾರ ಆಗಿರಬೇಕು. ಚಿಪ್‌ಗಿಂತ ಮೊದಲು ಹಾಕಿಸಿದ ಲಸಿಕೆ ಲೆಕ್ಕಕ್ಕೆ ಬರಲ್ಲ, ಮತ್ತೆ ಹಾಕಿಸಬೇಕು.

3. ರಕ್ತ ಪರೀಕ್ಷೆ: ಲಸಿಕೆ ಹಾಕಿ 30 ದಿನ ಆದಮೇಲೆ ರಕ್ತ ತೆಗೆದು, ಯುರೋಪಿಯನ್ ಯೂನಿಯನ್ ಒಪ್ಪಿದ ಲ್ಯಾಬ್‌ಗೆ ಕಳಿಸಬೇಕು. ಪ್ರತಿಕಾಯ ಒಂದು ಮಿಲಿಲೀಟರಿಗೆ ಕನಿಷ್ಠ 0.5 ಅಂತರರಾಷ್ಟ್ರೀಯ ಯೂನಿಟ್ ಇರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಯಾಕೆ? ಲಸಿಕೆಗೆ ಮೊದಲೇ ಸೋಂಕು ತಗುಲಿದ್ದರೆ ಅದು ಹೊರಗೆ ಕಾಣಿಸಿಕೊಳ್ಳೋಕೆ ಸಮಯ ಬೇಕು.

4. ಆರೋಗ್ಯ ಪ್ರಮಾಣಪತ್ರ: ಇದು ಕೊನೆಯ ಕೆಲಸ. ಸರ್ಕಾರಿ ಪಶುವೈದ್ಯಾಧಿಕಾರಿಯ ಸಹಿಯಾದ 10 ದಿನದೊಳಗೆ ಯುರೋಪ್ ತಲುಪಿರಬೇಕು. ಕೇಂದ್ರದ ಪ್ರಾಣಿ ಕ್ವಾರಂಟೈನ್ ಕಚೇರಿ ಬೆಂಗಳೂರಲ್ಲೂ ಇದೆ.

ಇನ್ನು ಪೆಟ್ಟಿಗೆ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಮುಂಗಾಲಿನ ಎತ್ತರದ ಅರ್ಧ ಸೇರಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಅದರ ಅಗಲ. ನಾಯಿ ಒಳಗೆ ನಿಲ್ಲಬೇಕು, ತಿರುಗಬೇಕು, ಮಲಗಬೇಕು. ಕೆಲವು ವಾರ ಮುಂಚೆಯೇ ಪೆಟ್ಟಿಗೆ ಹಾಲ್‌ನಲ್ಲಿ ಬಾಗಿಲು ತೆರೆದಿಟ್ಟು ಊಟ ಒಳಗೇ ಹಾಕಿ. ಅಭ್ಯಾಸ ಆದಮೇಲೆ ಐದು ನಿಮಿಷ, ಹತ್ತು ನಿಮಿಷ ಬಾಗಿಲು ಮುಚ್ಚಿ ನೋಡಿ. ಸುಮ್ಮನಿರಲಿ ಅಂತ ನಿದ್ದೆ ಮಾತ್ರೆ ಮಾತ್ರ ಕೊಡಬೇಡಿ: ರಕ್ತದೊತ್ತಡ, ಉಸಿರಾಟ ಏರುಪೇರಾದರೆ ಮೇಲೆ ನೋಡಿಕೊಳ್ಳೋರು ಯಾರೂ ಇರಲ್ಲ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗೆ ಉಸಿರಾಟದ ಅಪಾಯ ಇನ್ನೂ ಹೆಚ್ಚು, ಕೆಲವು ಏರ್‌ಲೈನ್‌ಗಳು ಅವನ್ನು ಕಾರ್ಗೋದಲ್ಲಿ ಒಯ್ಯೋದೇ ಇಲ್ಲ.

ಈಗ ಹಿಂದಕ್ಕೆ ಲೆಕ್ಕ ಹಾಕಿ. ಸೆಪ್ಟೆಂಬರ್ ಕೊನೆಗೆ ಫ್ಲೈಟ್ ಅಂದ್ರೆ ಜೂನ್ ಕೊನೆಯೊಳಗೆ ರಕ್ತ, ಮೇ ಕೊನೆಯೊಳಗೆ ಲಸಿಕೆ, ಅದಕ್ಕೂ ಮೊದಲು ಚಿಪ್. ವೀಸಾ ಆಗಸ್ಟ್‌ನಲ್ಲಿ ಬರಬಹುದು, ಆಗ ಶುರು ಮಾಡಿದರೆ ನೀವು ಹೋಗ್ತೀರಿ, ನಾಯಿ ಇಲ್ಲೇ ಉಳಿಯುತ್ತೆ. ಹೋಗೋದು ಖಚಿತ ಇಲ್ಲದಿದ್ದರೂ ಚಿಪ್ ಮತ್ತು ಲಸಿಕೆ ಈಗಲೇ ಮಾಡಿಸಿ. ಅವೆರಡೂ ಊರಲ್ಲೇ ಇರೋ ನಾಯಿಗೂ ಬೇಕಾದವೇ.