ಹೋಟೆಲಿನಲ್ಲಿ ಹಾಡು ಹಾಕುವ ಮುನ್ನ

ಹೊಸದಾಗಿ ರೆಸ್ಟೋರೆಂಟ್ ತೆರೆಯುತ್ತಿದ್ದೀರಾ? ಸ್ಪೀಕರ್ ಕೊಳ್ಳುವ ಮುಂಚೆ ಒಂದು ಮಾತು ಕೇಳಿ. ಅಮೆರಿಕದ ರೊನಾಲ್ಡ್ ಮಿಲಿಮನ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಧಾನಗತಿಯ ಸಂಗೀತವಿದ್ದಾಗ ಗಿರಾಕಿಗಳು ಸರಾಸರಿ 56 ನಿಮಿಷ ಕೂತರು. ವೇಗದ್ದಿದ್ದಾಗ 45 ನಿಮಿಷ. ಊಟದ ಖರ್ಚು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ, ನಿಧಾನ ಸಂಗೀತವಿದ್ದಾಗ ಬಾರಿನ ಬಿಲ್ ಮಾತ್ರ ಏರಿತ್ತು! ಹಾಗಾಗಿ ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಜನ ಕಾಯುತ್ತಿರುವಾಗ ವಿಳಂಬ ಲಯದ ವೀಣೆ ಹಾಕಿದರೆ ನಿಮಗೇ ನಷ್ಟ. ವಾರದ ನಡುವಿನ ಖಾಲಿ ರಾತ್ರಿಗೆ ಅದೇ ವೀಣೆ ಚೆನ್ನ. ನನ್ನ ಕೇಳಿದರೆ, ಸಿನಿಮಾ ಹಾಡಿಗಿಂತ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ವಾಸಿ. ಮಾತಿಲ್ಲದ ಸಂಗೀತ ಮಾತಿಗೆ ಅಡ್ಡ ಬರುವುದಿಲ್ಲ. ಟೇಬಲ್ಲಿನ ಅಜ್ಜಿ "ಏನಂದೆ?" ಎಂದು ಎರಡನೇ ಸಲ ಕೇಳಿದರೆ ದನಿ ತಗ್ಗಿಸಿ. ಹಾಂ, ಮೊಬೈಲಿನ ಸ್ವಂತ ಚಂದಾ ಹೋಟೆಲಿಗೆ ನಡೆಯದು. ಹಾಡುಗಳ ಹಕ್ಕುಸ್ವಾಮ್ಯದ ಲೈಸೆನ್ಸನ್ನು ಮೊದಲೇ ಮಾಡಿಸಿಕೊಳ್ಳಿ.