ನಾನು ತೆಗೆದ ಚಿತ್ರ

(ಛಾಯಾಚಿತ್ರ ತೆಗೆಯುವುದು ಒಂದು ಕಲೆ. ಹಾಡುವುದನ್ನು, ಚಿತ್ರ ಬರೆಯುವುದನ್ನು ಕಲಿಯುವಂತೆ ಅದನ್ನೂ ಕಲಿಯಬೇಕಾಗುತ್ತದೆ. ಜತ್ತ ತಾಲೂಕಿನ ಒಂದು ಹಳ್ಳಿಯ ಹುಡುಗಿ ಮೂರು ದಿನಗಳ ಶಿಬಿರದಲ್ಲಿ ತಾನು ಕಲಿತದ್ದನ್ನು ಈ ಪಾಠದಲ್ಲಿ ಹೇಳಿದ್ದಾಳೆ.)

ದೀಪಾವಳಿಯ ರಜೆ ಇನ್ನೂ ಮುಗಿದಿರಲಿಲ್ಲ. ಒಂದು ಸಂಜೆ ನಮ್ಮ ಗುರುಗಳು ಮನೆಗೆ ಬಂದರು. "ನಾಳೆಯಿಂದ ಮೂರು ದಿನ ಶಾಲೆಯಲ್ಲಿ ಛಾಯಾಚಿತ್ರ ಶಿಬಿರವಿದೆ. ಕಲಿಸಲು ಸೋಲಾಪುರದಿಂದ ಒಬ್ಬ ಅಕ್ಕ ಬರುತ್ತಾರೆ. ನೀನೂ ಬಾ" ಎಂದರು. ನನಗೆ ಬಹಳ ಸಂತೋಷವಾಯಿತು. ಆದರೆ ಅಣ್ಣ ನಕ್ಕುಬಿಟ್ಟ. "ಗುಂಡಿ ಒತ್ತಿದರೆ ಚಿತ್ರ ಬರುತ್ತದೆ. ಅದನ್ನು ಕಲಿಯಲು ಮೂರು ದಿನ ಬೇಕೇ?" ಎಂದ. ನಿಜ ಹೇಳಬೇಕೆಂದರೆ, ನನಗೂ ಹಾಗೆಯೇ ಅನಿಸಿತ್ತು.

ಮರುದಿನ ನಾವು ಹದಿನಾರು ಮಕ್ಕಳು ಶಾಲೆಯಲ್ಲಿ ಸೇರಿದೆವು. ಅಕ್ಕನ ಚೀಲದಲ್ಲಿ ನಾಲ್ಕು ಕ್ಯಾಮೆರಾಗಳಿದ್ದವು. ಆದರೆ ಅವರು ಅವನ್ನು ಹೊರಗೆ ತೆಗೆಯಲೇ ಇಲ್ಲ. ನಮ್ಮನ್ನು ಒಂದು ಕೋಣೆಗೆ ಕರೆದುಕೊಂಡು ಹೋದರು. ಅದರ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರು. ಒಂದು ಕಿಟಕಿಯ ಕಾಗದದಲ್ಲಿ ಮಾತ್ರ ಕಡಲೆಕಾಳಿನಷ್ಟು ಚಿಕ್ಕ ರಂಧ್ರವಿತ್ತು. ಅದರ ಎದುರಿಗೆ ಬಿಳಿಯ ಧೋತರವನ್ನು ಕಟ್ಟಿದ್ದರು. ಬಾಗಿಲು ಮುಚ್ಚಿದಾಗ ಕತ್ತಲೆ ಕವಿಯಿತು.

"ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ" ಎಂದರು ಅಕ್ಕ.

ಕೆಲವು ನಿಮಿಷಗಳು ಕಳೆದವು. ಧೋತರದ ಮೇಲೆ ಏನೋ ಮಸುಕಾಗಿ ಕಾಣತೊಡಗಿತು. ಹಸಿರು ಬಣ್ಣ, ನೀಲಿ ಬಣ್ಣ! ಅದು ಅಂಗಳದ ಬೇವಿನ ಮರ! ಆದರೆ ಮರ ತಲೆಕೆಳಗಾಗಿತ್ತು. ಆಕಾಶ ಕೆಳಗಿತ್ತು, ನೆಲ ಮೇಲಿತ್ತು. ಅಷ್ಟರಲ್ಲಿ ಒಬ್ಬರು ಸೈಕಲ್ ಮೇಲೆ ಹೋದರು. ಅವರೂ ತಲೆಕೆಳಗಾಗಿಯೇ ಹೋದರು! ನಾವೆಲ್ಲ ಚಪ್ಪಾಳೆ ತಟ್ಟಿ ನಕ್ಕೆವು.

ಅಕ್ಕ ತಿಳಿಸಿ ಹೇಳಿದರು: "ಬೆಳಕು ಯಾವಾಗಲೂ ನೇರವಾಗಿ ಸಾಗುತ್ತದೆ. ಮರದ ತುದಿಯಿಂದ ಹೊರಟ ಬೆಳಕು ರಂಧ್ರದ ಮೂಲಕ ಕೆಳಗೆ ಇಳಿಯುತ್ತದೆ. ಬುಡದಿಂದ ಹೊರಟ ಬೆಳಕು ಮೇಲೆ ಏರುತ್ತದೆ. ಆದ್ದರಿಂದ ಚಿತ್ರ ತಲೆಕೆಳಗಾಗಿ ಮೂಡುತ್ತದೆ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿಯೂ ಇಂಥದೇ ಒಂದು ಕತ್ತಲೆಯ ಜಾಗವಿದೆ. ಅಲ್ಲಿ ಒಂದು ಸಣ್ಣ ಕಿಂಡಿಯಿಂದ ಬಂದ ಬೆಳಕು ದೊಡ್ಡ ಗೋಪುರದ ತಲೆಕೆಳಗಾದ ಚಿತ್ರವನ್ನು ಗೋಡೆಯ ಮೇಲೆ ಮೂಡಿಸುತ್ತದೆ. ನಮ್ಮ ಕಣ್ಣೂ ಹೀಗೆಯೇ. ಕಣ್ಣಿನ ಒಳಗೆ ಚಿತ್ರ ತಲೆಕೆಳಗಾಗಿಯೇ ಬೀಳುತ್ತದೆ. ಅದನ್ನು ನೇರವಾಗಿ ಅರಿತುಕೊಳ್ಳುವುದು ನಮ್ಮ ಮೆದುಳು."

"ಹಾಗಾದರೆ ಈಗ ನಾವು ಕ್ಯಾಮೆರಾದ ಒಳಗೆ ಕುಳಿತಿದ್ದೇವೆಯೇ?" ಎಂದು ನನ್ನ ಗೆಳತಿ ಕೇಳಿದಳು.

"ಸರಿಯಾಗಿ ಹೇಳಿದೆ!" ಎಂದರು ಅಕ್ಕ. "ಕ್ಯಾಮೆರಾ ಎಂದರೆ ಒಂದು ಪುಟ್ಟ ಕತ್ತಲೆಯ ಕೋಣೆ. ರಂಧ್ರದ ಜಾಗದಲ್ಲಿ ಮಸೂರವಿರುತ್ತದೆ. ಧೋತರದ ಜಾಗದಲ್ಲಿ ಹಿಂದೆ ಫಿಲ್ಮ್ ಇರುತ್ತಿತ್ತು, ಈಗ ಸೆನ್ಸರ್ ಎಂಬ ಚಿಕ್ಕ ಪಟ್ಟಿ ಇರುತ್ತದೆ. ಹೀಗೆ ಬಿದ್ದ ಚಿತ್ರವನ್ನು ಅಳಿಯದಂತೆ ಉಳಿಸಿಕೊಳ್ಳಲು ಮನುಷ್ಯ ಬಹಳ ಕಷ್ಟಪಟ್ಟ. ಸುಮಾರು 1826-27ರಲ್ಲಿ ಫ್ರಾನ್ಸ್ ದೇಶದ ನಿಯೆಪ್ಸ್ ಎಂಬುವರು ತಮ್ಮ ಮನೆಯ ಕಿಟಕಿಯಿಂದ ಕಾಣುವ ನೋಟವನ್ನು ಲೋಹದ ತಗಡಿನ ಮೇಲೆ ಮೂಡಿಸಿದರು. ಇಂದಿಗೂ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರ ಅದೇ. ಅದಕ್ಕೆ ಹಲವು ಗಂಟೆಗಳ ಬೆಳಕು ಬೇಕಾಯಿತು. ಫೋಟೋಗ್ರಫಿ ಎಂಬ ಮಾತಿಗೆ ಬೆಳಕಿನಿಂದ ಬರೆಯುವುದು ಎಂದೇ ಅರ್ಥ."

ಮಧ್ಯಾಹ್ನ ಅಕ್ಕ ನಮಗೆ ಒಂದೊಂದು ರಟ್ಟಿನ ಚೌಕಟ್ಟು ಕೊಟ್ಟರು. ಅದರ ಮೂಲಕ ಒಂದು ಗಂಟೆ ಊರನ್ನು ನೋಡಿ ಬರಬೇಕಾಗಿತ್ತು. ದಿನವೂ ನೋಡುವ ಬಾವಿ, ಎತ್ತಿನ ಕೊಂಬು, ಬಿಸಿಲಿಗೆ ಹಾಕಿದ ಜೋಳ, ಎಲ್ಲವೂ ಹೊಸದಾಗಿ ಕಂಡವು. ಮೊದಲ ದಿನ ಕ್ಯಾಮೆರಾ ಮುಟ್ಟದೆಯೇ ಮುಗಿಯಿತು.

ಎರಡನೆಯ ದಿನ ಕ್ಯಾಮೆರಾ ಕೈಗೆ ಬಂತು. ನಾಲ್ಕು ಜನರಿಗೆ ಒಂದು ಕ್ಯಾಮೆರಾ. ಪ್ರತಿಯೊಬ್ಬರೂ ಹತ್ತೇ ಚಿತ್ರ ತೆಗೆಯಬೇಕು. ನಾನು ಐದು ನಿಮಿಷಗಳಲ್ಲಿ ಹತ್ತನ್ನೂ ತೆಗೆದು ಮುಗಿಸಿದೆ. ಸಂಜೆ ಅವುಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರು. ಅಯ್ಯೋ! ಒಂದರಲ್ಲಿ ಗುರುಗಳ ತಲೆಯೇ ಇರಲಿಲ್ಲ. ಇನ್ನೊಂದರಲ್ಲಿ ಧ್ವಜದ ಕಂಬ ಗೆಳತಿಯ ತಲೆಯಿಂದಲೇ ಬೆಳೆದಂತೆ ಕಾಣುತ್ತಿತ್ತು. ಮತ್ತೊಂದರಲ್ಲಿ ಅವಳ ಮುಖ ಕಪ್ಪಾಗಿತ್ತು. ಎಲ್ಲರೂ ನಕ್ಕರು. ನನಗೆ ಅಳು ಬಂತು. "ಅಕ್ಕ, ಇವನ್ನು ಅಳಿಸಿಬಿಡಲೇ?" ಎಂದು ಕೇಳಿದೆ.

"ಬೇಡ. ಕೆಟ್ಟ ಚಿತ್ರ ಏಕೆ ಕೆಟ್ಟಿತು ಎಂದು ತಿಳಿದರೆ ಅದೂ ಒಬ್ಬ ಗುರುವೇ" ಎಂದರು ಅಕ್ಕ. ಆಮೇಲೆ ಒಂದೊಂದೇ ತಪ್ಪನ್ನು ತೋರಿಸಿ, ಅದಕ್ಕೆ ಕಾರಣ ಹೇಳಿದರು.

ಗೆಳತಿಯ ಬೆನ್ನ ಹಿಂದೆ ಸೂರ್ಯನಿದ್ದ. ಆದ್ದರಿಂದ ಮುಖ ಕಪ್ಪಾಗಿತ್ತು. ನಾನು ಅವಳನ್ನಷ್ಟೇ ನೋಡಿದ್ದೆ, ಹಿಂದಿನ ಕಂಬವನ್ನು ನೋಡಿರಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಾಗಿತ್ತು. ಕೈ ಅಲುಗಿದರೆ ಚಿತ್ರ ಮಸುಕಾಗುತ್ತದೆ. ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಮೆಲ್ಲನೆ ಉಸಿರು ಬಿಡುತ್ತ ಗುಂಡಿ ಒತ್ತಬೇಕು. ಚಿಕ್ಕ ಮಗುವಿನ ಚಿತ್ರ ತೆಗೆಯುವಾಗ ನಾವೂ ಮೊಣಕಾಲೂರಿ ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣುಗಳ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಬೆಳಗಿನ ಮತ್ತು ಸಂಜೆಯ ಬೆಳಕು ಮೃದುವಾಗಿರುತ್ತದೆ. ಪಕ್ಕದಿಂದ ಬೀಳುವ ಬೆಳಕು ಗೋಡೆಯ ಒರಟನ್ನೂ ಬಟ್ಟೆಯ ಎಳೆಯನ್ನೂ ಎತ್ತಿ ತೋರಿಸುತ್ತದೆ.

ಆ ದಿನ ಅಕ್ಕ ಇಬ್ಬರು ದೊಡ್ಡ ಕಲಾವಿದರ ವಿಷಯವನ್ನೂ ಹೇಳಿದರು. ಹೋಮಾಯ್ ವ್ಯಾರಾವಾಲಾ (1913-2012) ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಚಿತ್ರಕಾರರು. ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತವರು. ಅವರ ಮೊದಮೊದಲ ಚಿತ್ರಗಳು ಅವರ ಪತಿಯ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಆದರೂ ಅವರು ಕೆಲಸ ಬಿಡಲಿಲ್ಲ. ದೇಶ ಸ್ವತಂತ್ರವಾದ ದಿನಗಳ ನೆನಪುಗಳನ್ನು ಚಿತ್ರಗಳಲ್ಲಿ ಉಳಿಸಿದರು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ದೊರೆಯಿತು. ಮೈಸೂರಿನ ಟಿ. ಎಸ್. ಸತ್ಯನ್ (1923-2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಪ್ರೀತಿಯಿಂದ ಚಿತ್ರಿಸಿದರು. 1979ನೆಯ ವರ್ಷವು ಅಂತರರಾಷ್ಟ್ರೀಯ ಮಕ್ಕಳ ವರ್ಷವಾಗಿತ್ತು. ಆಗ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.

ಮನೆಗೆ ಹೊರಡುವಾಗ ಅಕ್ಕ ಹೇಳಿದರು: "ನಾಳೆ ಪ್ರತಿಯೊಬ್ಬರಿಗೂ ಒಂದು ಗಂಟೆ ಕ್ಯಾಮೆರಾ ಕೊಡುತ್ತೇನೆ. ಕೆಲಸ ಮಾಡುತ್ತಿರುವ ಒಬ್ಬರ ಚಿತ್ರ ತೆಗೆದು ತನ್ನಿರಿ. ಮೊದಲು ಅವರನ್ನು ಕೇಳಿರಿ. ಬೇಡವೆಂದರೆ ಕ್ಯಾಮೆರಾವನ್ನು ಕೆಳಗಿಡಿರಿ."

ನಮ್ಮ ಅಜ್ಜ ಕಂಬಳಿ ನೇಯುತ್ತಾರೆ. ಅಜ್ಜಿ ರಾಟೆಯ ಮೇಲೆ ಕುರಿಯ ಉಣ್ಣೆಯನ್ನು ನೂಲುತ್ತಾಳೆ. ಮೊದಲು ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗವಿತ್ತಂತೆ. ಈಗ ಉಳಿದಿರುವುದು ಅಜ್ಜನದೊಂದೇ. ಮೂರನೆಯ ದಿನ ನಾನು ಓಡುತ್ತ ಮನೆಗೆ ಬಂದೆ. "ಅಜ್ಜಾ, ಚಿತ್ರ ತೆಗೆಯಲೇ?" ಎಂದೆ. ಅಜ್ಜ ಕೂಡಲೇ ಮಗ್ಗದಿಂದ ಎದ್ದರು. ಹೊಸ ರುಮಾಲು ಸುತ್ತಿಕೊಂಡು, ಕೋಟು ಹಾಕಿಕೊಂಡು, ಗೋಡೆಗೆ ಒರಗಿ ನೆಟ್ಟಗೆ ಕುಳಿತರು. ಚಿತ್ರ ಬಂತು. ಆದರೆ ಅದು ಗುರುತಿನ ಚೀಟಿಯ ಚಿತ್ರದ ಹಾಗಿತ್ತು. ಅದರಲ್ಲಿ ನೇಕಾರ ಅಜ್ಜ ಇರಲಿಲ್ಲ.

ಅಜ್ಜಿಯ ಕಡೆಗೆ ತಿರುಗಿದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಬೇಡ ತಂಗಿ, ಈ ಸುಕ್ಕು ಬಿದ್ದ ಮುಖದ ಚಿತ್ರ ಯಾರಿಗೆ ಬೇಕು?" ಎಂದಳು. ಅಕ್ಕನ ಮಾತು ನೆನಪಾಯಿತು. ಕ್ಯಾಮೆರಾವನ್ನು ಕೆಳಗಿಟ್ಟೆ.

"ಸುಮ್ಮನೆ ಕುಳಿತೆಯಲ್ಲ, ಬಾ, ಈ ನೂಲು ಹಿಡಿ" ಎಂದಳು ಅಜ್ಜಿ. ನಾನು ಅವಳ ಎದುರಿಗೆ ಕುಳಿತು ನೂಲು ಹಿಡಿದೆ. ಅಜ್ಜಿ ಮಾತಾಡುತ್ತ ಹೋದಳು. ಹುಣಸೆಬೀಜದ ಗಂಜಿ ಹಚ್ಚಿದರೆ ನೂಲು ಗಟ್ಟಿಯಾಗುತ್ತದೆ ಎಂದಳು. ಕರಿಯ ಉಣ್ಣೆಗೆ ಬಣ್ಣವೇ ಬೇಕಾಗಿಲ್ಲ ಎಂದಳು. ನಾನು ಹುಟ್ಟಿದಾಗಿನಿಂದ ಈ ಮನೆಯಲ್ಲಿದ್ದೇನೆ. ಆದರೆ ಅಜ್ಜಿ ನೂಲುವುದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅಂದೇ.

ಸಮಯ ಮುಗಿಯುತ್ತ ಬಂದಿತ್ತು. ಬಾಗಿಲಿನಿಂದ ಓರೆಯಾಗಿ ಬಂದ ಬಿಸಿಲು ಅಜ್ಜಿಯ ಕೈಗಳ ಮೇಲೆ ಬಿತ್ತು. ಬೆರಳುಗಳ ಗೆರೆಗಳು, ಉಣ್ಣೆಯ ಒಂದೊಂದು ಎಳೆ ಹೊಳೆದವು.

"ಅಜ್ಜಿ, ಮುಖ ಬೇಡ. ನಿನ್ನ ಕೈಗಳ ಚಿತ್ರ ತೆಗೆಯಲೇ?"

ಅಜ್ಜಿ ನಕ್ಕಳು. "ಕೈಗಳೇ? ಈ ಒಡೆದ ಕೈಗಳಲ್ಲಿ ಏನಿದೆಯೋ! ತೆಗೆ" ಎಂದಳು.

ನಾನು ಮೊಣಕಾಲೂರಿ ಕುಳಿತೆ. ಹಿಂದೆ ಏನಿದೆ ಎಂದು ನೋಡಿದೆ. ಮೊಣಕೈಗಳನ್ನು ಮೈಗೆ ಒತ್ತಿಕೊಂಡೆ. ಬೆರಳುಗಳು ನೂಲನ್ನು ಎಳೆಯುವವರೆಗೆ ಕಾದೆ. ಒಂದೇ ಒಂದು ಚಿತ್ರ ತೆಗೆದೆ.

ರಜೆ ಮುಗಿದು ಶಾಲೆ ಆರಂಭವಾದ ಮೇಲೆ ನಮ್ಮ ಚಿತ್ರಗಳ ಪ್ರದರ್ಶನ ನಡೆಯಿತು. ಅಕ್ಕ ನನ್ನ ಚಿತ್ರದ ಮುಂದೆ ನಿಂತು, "ಬೆಳಕು ಚೆನ್ನಾಗಿ ಸಿಕ್ಕಿದೆ. ಆದರೆ ಬಲಗಡೆಯ ಬುಟ್ಟಿ ಅರ್ಧ ಕತ್ತರಿಸಿ ಹೋಗಿದೆ. ಮುಂದಿನ ಸಲ ಅಂಚುಗಳನ್ನೂ ನೋಡು" ಎಂದರು. ಈ ಸಲ ನನಗೆ ಅಳು ಬರಲಿಲ್ಲ. ಅದನ್ನು ವಹಿಯಲ್ಲಿ ಬರೆದುಕೊಂಡೆ.

ಅಜ್ಜಿಯೂ ಬಂದಿದ್ದಳು. ಅವಳು ಶಾಲೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲನೆ ಹೇಳಿದಳು: "ಇವು ನನ್ನ ಅವ್ವನ ಕೈಗಳ ಹಾಗೆಯೇ ಇವೆ. ನನಗೆ ನೂಲಲು ಕಲಿಸಿದವಳು ಅವಳೇ. ಅವಳದೊಂದು ಚಿತ್ರವೂ ನಮ್ಮ ಮನೆಯಲ್ಲಿ ಇಲ್ಲ." ಹಾಗೆಂದು ಗಾಜಿನ ಮೇಲೆ ಬೆರಳಾಡಿಸಿದಳು.

ನನ್ನ ಹತ್ತಿರ ಈಗಲೂ ಸ್ವಂತ ಕ್ಯಾಮೆರಾ ಇಲ್ಲ. ರವಿವಾರ ಅಣ್ಣನ ಮೊಬೈಲು ಸ್ವಲ್ಪ ಹೊತ್ತು ಸಿಗುತ್ತದೆ. ಉಳಿದ ದಿನಗಳಲ್ಲಿ ರಟ್ಟಿನ ಚೌಕಟ್ಟು ಹಿಡಿದು ನೋಡುತ್ತೇನೆ. ಕಂಡದ್ದನ್ನು ವಹಿಯಲ್ಲಿ ಬರೆಯುತ್ತೇನೆ. ಅಣ್ಣ ಈಗ ನಗುವುದಿಲ್ಲ. ಮೊನ್ನೆ ಅಜ್ಜ ಹೊಸ ಕಂಬಳಿಗೆ ಹಾಸು ಹೂಡುತ್ತಿದ್ದರು. ನಾನು ದೂರದಲ್ಲಿ ನಿಂತು ನೋಡುತ್ತಿದ್ದೆ. ಅಜ್ಜಿ ನನ್ನನ್ನು ಕರೆದು, "ಈಗ ಬೇಡ ತಂಗಿ, ಬಿಸಿಲು ನೆತ್ತಿಯ ಮೇಲಿದೆ. ನಾಳೆ ಮುಂಜಾನೆ ಬೇಗ ಏಳು. ನನ್ನ ಮುಖವನ್ನೂ ತೆಗೆಯುವೆಯಂತೆ" ಎಂದಳು.

ಹೊಸ ಶಬ್ದಗಳ ಅರ್ಥ

ಛಾಯಾಚಿತ್ರ - ಕ್ಯಾಮೆರಾದಿಂದ ತೆಗೆದ ಚಿತ್ರ, ಫೋಟೋ
ರಂಧ್ರ - ತೂತು
ಮಸೂರ - ಬೆಳಕನ್ನು ಒಂದೆಡೆ ಸೇರಿಸುವ ಗಾಜು
ರಾಟೆ - ನೂಲು ತೆಗೆಯುವ ಸಾಧನ
ಹಾಸು - ಮಗ್ಗದಲ್ಲಿ ಉದ್ದಕ್ಕೆ ಹೂಡುವ ನೂಲು
ವಹಿ - ಬರೆಯುವ ಪುಸ್ತಕ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಶಿಬಿರದಲ್ಲಿ ಎಷ್ಟು ಮಕ್ಕಳು ಇದ್ದರು?
2. ಧೋತರದ ಮೇಲೆ ಯಾವ ಮರದ ಚಿತ್ರ ಮೂಡಿತು?
3. ಫೋಟೋಗ್ರಫಿ ಎಂಬ ಮಾತಿನ ಅರ್ಥವೇನು?
4. ಹೋಮಾಯ್ ವ್ಯಾರಾವಾಲಾ ಅವರು ಎಲ್ಲಿ ಕಲಿತರು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕತ್ತಲೆಯ ಕೋಣೆಯಲ್ಲಿ ಮರ ತಲೆಕೆಳಗಾಗಿ ಕಾಣಲು ಕಾರಣವೇನು?
2. ಎರಡನೆಯ ದಿನ ಹುಡುಗಿಯ ಚಿತ್ರಗಳಲ್ಲಿ ಯಾವ ತಪ್ಪುಗಳಿದ್ದವು?
3. ಅಜ್ಜನ ಚಿತ್ರ ಹುಡುಗಿಗೆ ಏಕೆ ಹಿಡಿಸಲಿಲ್ಲ?
4. ಅಜ್ಜಿಯ ಮನಸ್ಸು ಬದಲಾಯಿತೆಂದು ಪಾಠದ ಯಾವ ಮಾತಿನಿಂದ ತಿಳಿಯುತ್ತದೆ?

ಇ) ಬಿಟ್ಟ ಸ್ಥಳ ತುಂಬಿರಿ.
1. ಬೆಳಕು ಯಾವಾಗಲೂ ______ ಸಾಗುತ್ತದೆ.
2. ಟಿ. ಎಸ್. ಸತ್ಯನ್ ಅವರು ______ ಊರಿನವರು.
3. ಕರಿಯ ಉಣ್ಣೆಗೆ ______ ಬೇಕಾಗಿಲ್ಲ.

ಈ) ಈ ಮಾತುಗಳನ್ನು ಯಾರು ಯಾರಿಗೆ ಹೇಳಿದರು?
1. "ಅದನ್ನು ಕಲಿಯಲು ಮೂರು ದಿನ ಬೇಕೇ?"
2. "ಮುಂದಿನ ಸಲ ಅಂಚುಗಳನ್ನೂ ನೋಡು."
3. "ಬಾ, ಈ ನೂಲು ಹಿಡಿ."

ಉ) ವಿರುದ್ಧಾರ್ಥಕ ಶಬ್ದ ಬರೆಯಿರಿ.
ಬೆಳಕು, ಒಳಗೆ, ಹೊಸ, ಮೃದು, ನಗು

ಊ) ವಿಚಾರ ಮಾಡಿ ಹೇಳಿರಿ.
ಒಬ್ಬರ ಚಿತ್ರ ತೆಗೆಯುವ ಮೊದಲು ಅವರನ್ನು ಏಕೆ ಕೇಳಬೇಕು?

ಉಪಕ್ರಮ

1. ರಟ್ಟಿನ ಒಂದು ಪೆಟ್ಟಿಗೆ ತೆಗೆದುಕೊಳ್ಳಿರಿ. ಒಂದು ಬದಿಗೆ ಗುಂಡುಸೂಜಿಯಿಂದ ರಂಧ್ರ ಮಾಡಿರಿ. ಎದುರಿನ ಬದಿಯನ್ನು ಕತ್ತರಿಸಿ, ಅಲ್ಲಿ ಎಣ್ಣೆ ಸವರಿದ ತೆಳು ಬಿಳಿ ಹಾಳೆ ಅಂಟಿಸಿರಿ. ತಲೆಯ ಮೇಲೆ ದಪ್ಪ ಬಟ್ಟೆ ಹೊದ್ದು, ರಂಧ್ರವನ್ನು ಬಿಸಿಲಿನಲ್ಲಿರುವ ಮರದ ಕಡೆಗೆ ಹಿಡಿದು ಹಾಳೆಯನ್ನು ನೋಡಿರಿ. ಸೂರ್ಯನನ್ನು ಮಾತ್ರ ಎಂದಿಗೂ ನೇರವಾಗಿ ನೋಡಬೇಡಿರಿ.
2. ನಿಮ್ಮ ಮನೆಯಲ್ಲಿರುವ ಅತಿ ಹಳೆಯ ಚಿತ್ರವನ್ನು ನೋಡಿರಿ. ಅದರಲ್ಲಿ ಯಾರಿದ್ದಾರೆ, ಎಲ್ಲಿ ತೆಗೆದದ್ದು ಎಂದು ಹಿರಿಯರನ್ನು ಕೇಳಿ ಐದು ವಾಕ್ಯ ಬರೆಯಿರಿ.