ಉಗ್ರಾಣದಲ್ಲಿ ಸ್ಥಳದ ಸದ್ವಿನಿಯೋಗ

ಧಾನ್ಯವನ್ನು ಕೂಡಿಡುವ ವಿದ್ಯೆಯು ಹಳೆಯ ಮೈಸೂರು ಸೀಮೆಯ ರೈತರಿಗೆ ಹೊಸದೇನೂ ಅಲ್ಲ. ರಾಗಿಯನ್ನು ಹಗೇವಿಗೆ ಸುರಿದು, ಬಾಯಿಯವರೆಗೂ ತುಂಬಿ, ಮೇಲೆ ಹುಲ್ಲು ಹಾಸಿ, ಕಲ್ಲುಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮೆತ್ತಿ, ವರ್ಷಗಟ್ಟಲೆ ಕೆಡದಂತೆ ಕಾಪಾಡುವ ಕ್ರಮವು ತಲೆತಲಾಂತರದಿಂದ ಬಂದುದಾಗಿದೆ. ಹಗೇವಿನಲ್ಲಿ ಬರಿದಾದ ಜಾಗವು ಎಷ್ಟು ಕಡಮೆಯೋ ಅಷ್ಟು ಮೇಲು. ಒಳಗೆ ಸಿಕ್ಕಿಕೊಂಡ ಪ್ರಾಣವಾಯುವನ್ನು ಕಾಳುಗಳೂ ಹುಳುಗಳೂ ಉಸಿರಾಡಿ ಮುಗಿಸುತ್ತವೆ. ಅದರ ಬದಲು ಅಂಗಾರಾಮ್ಲವಾಯು ತುಂಬಿಕೊಳ್ಳುತ್ತದೆ. ಆ ಬಳಿಕ ಹುಳುವು ಬದುಕಲಾರದು. ಬಾಯಿ ತೆರೆದೊಡನೆ ಹಗೇವಿಗೆ ಇಳಿದವರು ಪ್ರಾಣವನ್ನು ಕಳೆದುಕೊಂಡುದೂ ಇದೇ ಕಾರಣದಿಂದ. ಆದುದರಿಂದ ಗಾಳಿಯು ಚೆನ್ನಾಗಿ ಆಡುವವರೆಗೂ ಯಾರೂ ಒಳಗೆ ಇಳಿಯಕೂಡದು.

ಉಗ್ರಾಣದ ರೀತಿ ಬೇರೆ. ಅಲ್ಲಿ ಧಾನ್ಯವು ಗೋಣಿಚೀಲದಲ್ಲಿರುತ್ತದೆ. ಗಾಳಿ, ತೇವ, ಹುಳು, ಇಲಿ ಇವು ನಾಲ್ಕೂ ಅದನ್ನು ಮುಟ್ಟಬಲ್ಲವು. ಆದರೂ ಹಗೇವಿನ ಅಭ್ಯಾಸವನ್ನೇ ಅಲ್ಲಿಗೂ ತಂದು, ಗೋಡೆಯಿಂದ ಗೋಡೆಗೆ, ನೆಲದಿಂದ ಸೂರಿಗೆ ಮೂಟೆಗಳನ್ನು ಒತ್ತುವವರೇ ಹೆಚ್ಚು. ಬಾಡಿಗೆ ಕೊಟ್ಟ ಜಾಗದಲ್ಲಿ ಒಂದು ಮೊಳವನ್ನೂ ಬಿಡಬಾರದೆಂಬುದು ಅವರ ಲೆಕ್ಕ. ಈ ಲೆಕ್ಕವು ತಪ್ಪು.

ಒಳ ಅಳತೆಯಲ್ಲಿ 60 ಅಡಿ ಉದ್ದ, 40 ಅಡಿ ಅಗಲವುಳ್ಳ ಒಂದು ಉಗ್ರಾಣವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 50 ಕಿಲೋಗ್ರಾಂ ರಾಗಿಯ ಮೂಟೆಯು ಮಲಗಿಸಿದಾಗ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲವಿರುವುದೆಂದು ಭಾವಿಸೋಣ. ಗೋಡೆಗಳ ಸುತ್ತ ಎರಡೂವರೆ ಅಡಿ ಬಿಟ್ಟು, ನಡುವೆ ಉದ್ದಕ್ಕೊಂದು ಅಡ್ಡಕ್ಕೊಂದು 5 ಅಡಿಯ ಓಣಿಗಳನ್ನು ಬಿಟ್ಟರೆ, 25 ಅಡಿಗೆ 15 ಅಡಿಯ ನಾಲ್ಕು ಅಟ್ಟಿಗಳಿಗೆ ಎಡೆ ದೊರೆಯುತ್ತದೆ. 2400 ಚದರಡಿಯಲ್ಲಿ 1500 ಚದರಡಿ ಧಾನ್ಯಕ್ಕೆ, 900 ಚದರಡಿ ಓಣಿಗೆ. ಒಂದು ವರಸೆಗೆ 100 ಮೂಟೆ. ಅದರ ಮೇಲಿನ ವರಸೆಯನ್ನು ಅಡ್ಡಲಾಗಿ ಹಾಕಿದರೆ 96 ಮಾತ್ರ ಹಿಡಿಯುತ್ತವೆ. ಆದರೂ ಹೀಗೆ ಒಂದು ವರಸೆ ಉದ್ದ, ಒಂದು ವರಸೆ ಅಡ್ಡ ಹಾಕುವುದೇ ಸರಿ. ಆ ಕಟ್ಟು ಇಲ್ಲದಿದ್ದರೆ ಅಟ್ಟಿಯು ವಾಲಿ ಹಮಾಲರ ಮೇಲೆ ಬೀಳುವ ಭಯವುಂಟು. ಹದಿನಾಲ್ಕು ವರಸೆಗೆ ಒಂದು ಅಟ್ಟಿಯಲ್ಲಿ 1372 ಮೂಟೆ; ನಾಲ್ಕರಲ್ಲಿ 5488 ಮೂಟೆ, ಅಂದರೆ 2744 ಕ್ವಿಂಟಾಲ್.

ಓಣಿಯನ್ನೇ ಬಿಡದಿದ್ದರೆ ಅದೇ ನೆಲದಲ್ಲಿ ವರಸೆಗೆ 624 ಮೂಟೆಗಳು ಹಿಡಿಯುವುವೆಂಬುದು ನಿಜ. ಆದರೆ ಹಾಗೆ ತುಂಬಿದಲ್ಲಿ ಮೊದಲು ಬಂದ ಮೂಟೆಯು ಕಟ್ಟಕಡೆಗೆ ಹೊರಡುತ್ತದೆ. ಅಕ್ಕಿಯ ಮೂತಿಹುಳುವು ಕಾಳಿನೊಳಗೇ ಮೊಟ್ಟೆಯಿಡುತ್ತದೆ. ಬೆಚ್ಚನೆಯ ದಿನಗಳಲ್ಲಿ ಆ ಮೊಟ್ಟೆಯು ಬೆಳೆದು ಹುಳುವಾಗಿ ಹೊರಬರಲು ಸುಮಾರು ಒಂದು ತಿಂಗಳು ಸಾಕು. ಮೂಲೆಯಲ್ಲಿ ಮರೆಯಾಗಿ ನಿಂತ ಮೂಟೆಗಳು ಹುಳುವಿನ ತವರಾಗಿ ಹೊಸ ಧಾನ್ಯಕ್ಕೂ ಅದನ್ನು ಹಂಚುತ್ತವೆ. ಗೋಡೆಗೆ ತಾಗಿದ ಮೂಟೆಯು ಮಳೆಗಾಲದಲ್ಲಿ ತೇವವನ್ನು ಹೀರಿ ಬೂಷ್ಟು ಹಿಡಿಯುತ್ತದೆ. ನಡುವಿನ ಮೂಟೆಯು ಬಿಸಿಯೇರಿದರೆ ಕೈಯಿಟ್ಟು ನೋಡುವ ದಾರಿಯೇ ಇಲ್ಲ. ಔಷಧದ ಹೊಗೆಯನ್ನು ಹಾಕಬೇಕಾಗಿ ಬಂದಾಗ, ಹೊದಿಕೆಯ ಅಂಚನ್ನು ನೆಲಕ್ಕೆ ಹಾಸಿ ಅದರ ಮೇಲೆ ಮರಳಿನ ಚೀಲಗಳನ್ನು ಹೇರಲು ಅಟ್ಟಿಯ ಸುತ್ತ ಬಿಟ್ಟ ಆ ಎರಡೂವರೆ ಅಡಿಯೇ ಬೇಕು. (ಈ ಹೊಗೆಯು ಮನುಷ್ಯರಿಗೂ ಮಾರಕ. ಪರವಾನಗಿಯುಳ್ಳ ತಜ್ಞರೇ ಇದನ್ನು ಹಾಕತಕ್ಕದ್ದು.)

ಎತ್ತರಕ್ಕೂ ಮಿತಿಯುಂಟು. ಸೂರಿಗೂ ಅಟ್ಟಿಗೂ ನಡುವೆ ಮೂರು ಅಡಿಯಾದರೂ ಇರಲಿ. ತಗಡಿನ ಸೂರು ಹಗಲು ಕಾದು, ಇರುಳು ತಣ್ಣಗಾದಾಗ ಒಳಮೈಯಲ್ಲಿ ಬೆವರುತ್ತದೆ. ಆ ಹನಿಗಳು ಮೇಲಿನ ವರಸೆಯ ಮೇಲೆಯೇ ಬೀಳುತ್ತವೆ. ಕೆಳಗಡೆ ಮರದ ಚೌಕಟ್ಟನ್ನಾಗಲಿ ಬಿದಿರಿನ ಚಾಪೆಯನ್ನಾಗಲಿ ಹಾಸದೆ ಸಿಮೆಂಟು ನೆಲವನ್ನು ನಂಬುವುದು ದೊಡ್ಡ ತಪ್ಪು.

ಇಷ್ಟೆಲ್ಲ ಮಾಡಿದರೂ ಧಾನ್ಯವು ಹಸಿಯಾಗಿದ್ದರೆ ಫಲವಿಲ್ಲ. ಭತ್ತದಲ್ಲಿ ತೇವವು ನೂರಕ್ಕೆ 14ನ್ನು ಮೀರಬಾರದು. ರಾಗಿಯಲ್ಲಿ 12ರ ಒಳಗಿದ್ದರೆ ಕ್ಷೇಮ.

ಎಷ್ಟು ಧಾನ್ಯ ಹಿಡಿಯುವುದೆಂಬುದನ್ನು ತೂಕದಿಂದ ಮಾತ್ರ ಅಂದಾಜು ಮಾಡುವುದು ಸಲ್ಲದು. ಒಂದು ಘನ ಮೀಟರಿನಲ್ಲಿ ಅಕ್ಕಿಯು ಸುಮಾರು ಮುಕ್ಕಾಲು ಟನ್ನು ಹಿಡಿದರೆ, ಭತ್ತವು ಅರ್ಧ ಟನ್ನಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಸಿಪ್ಪೆಸಹಿತವಾದ ಕಡಲೆಕಾಯಿಯು ಭತ್ತಕ್ಕಿಂತಲೂ ಎಷ್ಟೋ ಹಗುರ. ರಾಗಿಯ ಲೆಕ್ಕವನ್ನು ಹಿಡಿದು ಕಡಲೆಕಾಯಿಗೆ ಜಾಗ ಗೊತ್ತುಮಾಡಿದವರ ಗಾಡಿಗಳು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ಉಗ್ರಾಣಗಳಿಗೆ ಸಂಬಂಧಿಸಿದ ಶಾಸನವು 1956ರಲ್ಲಿ ಆಗಿ, 1957ರಲ್ಲಿ ರಾಜ್ಯ ಉಗ್ರಾಣ ನಿಗಮವು ಸ್ಥಾಪಿತವಾದ ಮೇಲೆ, ಧಾನ್ಯವನ್ನಿಟ್ಟು ರಸೀತಿಯನ್ನು ಪಡೆದು ಅದರ ಆಧಾರದ ಮೇಲೆ ಸಾಲವನ್ನೆತ್ತುವ ಸೌಕರ್ಯವು ರೈತರಿಗೆ ಒದಗಿತು. ಸುಗ್ಗಿಯ ಇಳಿಬೆಲೆಗೆ ಮಾರದೆ ಕಾಯಲು ಇದು ದೊಡ್ಡ ಆಸರೆ. ಆದರೆ ರಸೀತಿಯ ಬೆಲೆಯು ಮೂಟೆಗಳ ಎಣಿಕೆಯನ್ನೂ ಕಾಳಿನ ಗುಣವನ್ನೂ ಅವಲಂಬಿಸಿದೆ. ಎಣಿಸಲು ಬಾರದ ರಾಶಿಯಲ್ಲಿ ಹತ್ತು ಮೂಟೆ ಕಡಮೆಯಾದರೂ ತಿಳಿಯದು. ಆದಕಾರಣ ಹಳ್ಳಿಯ ಸಂಘದ ಉಗ್ರಾಣವಾದರೂ ಸರಿಯೇ, ಪ್ರತಿ ಅಟ್ಟಿಗೂ ಬಂದ ದಿನ, ಧಾನ್ಯ, ಮೂಟೆಗಳ ಸಂಖ್ಯೆ, ಹೊರಗೆ ಹೋದದ್ದು ಇವುಗಳನ್ನು ಬರೆದ ಚೀಟಿಯು ಕಣ್ಣಿಗೆ ಕಾಣುವಂತೆ ತೂಗಬೇಕು.

ಮೊದಲ ಗಾಡಿ ಬರುವ ಮುನ್ನವೇ ನೆಲದ ಮೇಲೆ ಸುಣ್ಣದ ಗೆರೆಗಳನ್ನೆಳೆದು ಅಟ್ಟಿಯ ಎಲ್ಲೆಯನ್ನು ತೋರಿಸತಕ್ಕದ್ದು. ಗೆರೆಯಿಲ್ಲದ ನೆಲದಲ್ಲಿ ಓಣಿಯು ದಿನಕ್ಕೊಂದು ಗೇಣು ಕಿರಿದಾಗುತ್ತ ಹೋಗಿ ಸುಗ್ಗಿ ಮುಗಿಯುವ ವೇಳೆಗೆ ಮಾಯವಾಗಿರುತ್ತದೆ. ನಡು ಓಣಿಯು ಬಾಗಿಲಿಗೆ ನೇರವಾಗಿರಲಿ. ಗೊಬ್ಬರ, ಹುಳುನಾಶಕ ಔಷಧಗಳಿಗೆ ಧಾನ್ಯದ ಮನೆಯಲ್ಲಿ ಜಾಗವೇ ಇಲ್ಲ. ಧಾನ್ಯವನ್ನು ಹೊರಗೆ ಕೊಡುವಾಗ ಹಳೆಯ ಅಟ್ಟಿಯನ್ನು ಮೊದಲು ಒಡೆದು, ಅದು ಪೂರ್ತಿ ಮುಗಿಯುವವರೆಗೂ ಇನ್ನೊಂದಕ್ಕೆ ಕೈಹಾಕಬಾರದು. ನಾಲ್ಕು ಅಟ್ಟಿಗಳಿಂದಲೂ ಅಷ್ಟಷ್ಟು ತೆಗೆದರೆ ಉಗ್ರಾಣವು ಅರ್ಧ ಬರಿದಾಗಿದ್ದರೂ ಹೊಸ ಬೆಳೆಗೆ ಜಾಗವಿರುವುದಿಲ್ಲ. ಒಂದನ್ನೇ ಮುಗಿಸಿದರೆ 375 ಚದರಡಿ ನೆಲವು ಒಟ್ಟಿಗೆ ತೆರವಾಗುತ್ತದೆ. ಅದನ್ನು ಗುಡಿಸಿ, ಉದುರಿದ ಕಾಳನ್ನು ಹೊರಗೆ ಸಾಗಿಸಿ, ಬಿರುಕುಗಳನ್ನು ಮೆತ್ತಿ, ಮುಂದಿನ ಗಾಡಿಗಳಿಗೆ ಅಣಿಮಾಡಬಹುದು.